ಎರಡು ಪೆಟ್ಟಿಗೆ, ಒಂದು ಕೇಬಲ್: 2011ರ ಮಾರ್ಚ್‌ನಲ್ಲಿ ದೇಶ ಜಗಳವಾಡಿದ್ದು ಯಾವುದರ ಬಗ್ಗೆ?

2011ರ ಮಾರ್ಚ್ 17ರ ಬೆಳಿಗ್ಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಬಂದ ಒಂದು ವರದಿ ಅವತ್ತು ಸಂಸತ್ತಿನ ಎರಡೂ ಸದನಗಳ ಕಲಾಪವನ್ನು ನುಂಗಿಹಾಕಿತು. ವರದಿಗೆ ಆಧಾರವಾಗಿದ್ದದ್ದು ದೆಹಲಿಯ ಅಮೆರಿಕ ರಾಯಭಾರ ಕಚೇರಿ 2008ರ ಜುಲೈ 17ರಂದು ವಾಷಿಂಗ್ಟನ್‌ಗೆ ಕಳಿಸಿದ್ದ ರಹಸ್ಯ ಕೇಬಲ್, ಅಂದರೆ ರಾಜತಾಂತ್ರಿಕ ವರದಿ. ರಾಯಭಾರಿಯ ಪ್ರಭಾರದಲ್ಲಿದ್ದ ಸ್ಟೀವನ್ ವೈಟ್ ಹೆಸರಿನಲ್ಲಿ ಹೋದ ಆ ಕೇಬಲ್ ಬರೆದ ಕಾರಣ ಇಷ್ಟೆ: ಐದು ದಿನ ಬಿಟ್ಟು ಲೋಕಸಭೆಯಲ್ಲಿ ವಿಶ್ವಾಸಮತ ಇತ್ತು. ಅಮೆರಿಕದ ಜತೆಗಿನ ಅಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡಿದ್ದವು. ಮನಮೋಹನ್ ಸಿಂಗ್ ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎಂದು ಅಮೆರಿಕಕ್ಕೆ ಗೊತ್ತಾಗಬೇಕಿತ್ತು.

ಮತಗಳ ಆ ಲೆಕ್ಕಾಚಾರದ ನಡುವೆ ಒಂದು ಸಣ್ಣ ಪ್ರಸಂಗ ಬರುತ್ತದೆ. ಕಾಂಗ್ರೆಸ್ ನಾಯಕ ಸತೀಶ್ ಶರ್ಮಾ ಅವರ ಆಪ್ತರೊಬ್ಬರು ರಾಯಭಾರ ಕಚೇರಿಯ ಸಿಬ್ಬಂದಿಯೊಬ್ಬರಿಗೆ ಹಣ ತುಂಬಿದ ಎರಡು ಪೆಟ್ಟಿಗೆ ತೋರಿಸಿದರು, ಮನೆಯಲ್ಲಿ 50ರಿಂದ 60 ಕೋಟಿ ರೂಪಾಯಿ ಇದೆ ಎಂದರು, ಅಜಿತ್ ಸಿಂಗ್ ಅವರ ರಾಷ್ಟ್ರೀಯ ಲೋಕದಳದ ನಾಲ್ವರು ಸಂಸದರಿಗೆ ತಲಾ 10 ಕೋಟಿ ಸಂದಾಯವಾಗಿದೆ ಎಂದರು. ಹಣ ದೊಡ್ಡ ಸಂಗತಿಯೇ ಅಲ್ಲ, ತೆಗೆದುಕೊಂಡವರು ನಿಯತ್ತಾಗಿ ಮತ ಹಾಕುತ್ತಾರೋ ಇಲ್ಲವೋ ಎಂಬುದೇ ಚಿಂತೆ ಎಂಬ ಮಾತೂ ಅಲ್ಲಿ ದಾಖಲಾಗಿದೆ.

ಶರ್ಮಾ ಇದನ್ನು ಸಾರಾಸಗಟಾಗಿ ಅಲ್ಲಗಳೆದರು. ಆ ಆಪ್ತರೂ ಅಲ್ಲಗಳೆದರು. ಅಜಿತ್ ಸಿಂಗ್ ಕೊಟ್ಟ ಉತ್ತರ ಇನ್ನೂ ಗಟ್ಟಿಯಾಗಿತ್ತು: ಆಗ ತಮ್ಮ ಪಕ್ಷಕ್ಕಿದ್ದದ್ದು ಮೂವರು ಸಂಸದರು, ಮೂವರೂ ಸರ್ಕಾರದ ವಿರುದ್ಧವೇ ಮತ ಹಾಕಿದ್ದರು. ಇದು ನಿಜ. ಅಂದರೆ ಕೇಬಲ್‌ನಲ್ಲಿದ್ದ ಒಂದು ವಿವರ ಮೇಲ್ನೋಟಕ್ಕೇ ತಪ್ಪಾಗಿತ್ತು. ಆಪ್ತರು ಬಡಾಯಿ ಕೊಚ್ಚಿಕೊಂಡಿರಬಹುದು, ಸಿಬ್ಬಂದಿ ತಪ್ಪು ಕೇಳಿಸಿಕೊಂಡಿರಬಹುದು, ಅಥವಾ ಹಣ ಕೊಟ್ಟೂ ಮತ ಬೀಳದೆ ಹೋಗಿರಬಹುದು. ಮೂರರಲ್ಲಿ ಯಾವುದು ಎಂದು ತಿಳಿಯಲು ಇದ್ದ ದಾರಿ ತನಿಖೆ ಒಂದೇ. ಆ ಪ್ರಶ್ನೆ ಮುಂದಿನ ದಿನಗಳ ಗದ್ದಲದಲ್ಲಿ ಎಲ್ಲಿ ಕಳೆದುಹೋಯಿತು ಎಂಬುದೇ ಈ ಬರಹದ ವಿಷಯ.

ಕೇಬಲ್‌ಗಳು ಬಂದ ದಾರಿ

ಇರಾಕಿನಲ್ಲಿ ಗುಪ್ತಚರ ವಿಶ್ಲೇಷಣೆಯ ಕೆಲಸದಲ್ಲಿದ್ದ ಅಮೆರಿಕದ ಸೈನಿಕರೊಬ್ಬರು, ಇಂದು ಚೆಲ್ಸಿ ಮ್ಯಾನಿಂಗ್ ಎಂದು ಜಗತ್ತಿಗೆ ಗೊತ್ತಿರುವವರು, ಸೇನೆಯ ಜಾಲದಿಂದ 2,51,287 ರಾಜತಾಂತ್ರಿಕ ಕೇಬಲ್‌ಗಳನ್ನು ಇಳಿಸಿಕೊಂಡು, ಗುಪ್ತ ದಾಖಲೆಗಳನ್ನು ಪ್ರಕಟಿಸುವ ಜಾಲತಾಣ ವಿಕಿಲೀಕ್ಸ್‌ಗೆ ಕೊಟ್ಟರು. 2010ರ ನವೆಂಬರ್ 28ರಿಂದ ಅಮೆರಿಕ ಮತ್ತು ಯುರೋಪಿನ ಐದು ಪತ್ರಿಕೆಗಳು ಅವನ್ನು ಕಂತುಕಂತಾಗಿ ಪ್ರಕಟಿಸಿದವು. ಇದು ಅಮೆರಿಕದ ಮೇಲಷ್ಟೇ ಅಲ್ಲ, ಅಂತರರಾಷ್ಟ್ರೀಯ ಸಮುದಾಯದ ಮೇಲೇ ನಡೆದ ದಾಳಿ ಎಂದು ಆಗಿನ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಹೇಳಿದರು. ಅಮೆಜಾನ್ ತನ್ನ ಸರ್ವರ್‌ನಿಂದ ವಿಕಿಲೀಕ್ಸ್ ಅನ್ನು ಹೊರಹಾಕಿತು. ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್ ದೇಣಿಗೆಯ ದಾರಿ ಮುಚ್ಚಿದವು.

ಆ ಮೊದಲ ಸುತ್ತಿನಲ್ಲಿ ಭಾರತಕ್ಕೆ ಸಂಬಂಧಿಸಿದ್ದು ಹೊರಬಂದದ್ದು ಕಡಿಮೆ. ಭದ್ರತಾ ಮಂಡಳಿಯ ಕಾಯಂ ಸ್ಥಾನಕ್ಕೆ ತಾನೇ ಮುಂಚೂಣಿಯಲ್ಲಿದ್ದೇನೆಂದು ಘೋಷಿಸಿಕೊಂಡ ದೇಶ ಎಂದು ಕ್ಲಿಂಟನ್ ಹೆಸರಿನ ಕೇಬಲ್ ಭಾರತವನ್ನು ಕರೆದದ್ದು ಒಂದೆರಡು ದಿನ ಸುದ್ದಿಯಾಯಿತು. ನಮ್ಮ ಎಸ್.ಎಂ. ಕೃಷ್ಣ ಆಗ ವಿದೇಶಾಂಗ ಸಚಿವರಾಗಿದ್ದರು. ಸರ್ಕಾರ ವಿಷಯವನ್ನು ದೊಡ್ಡದು ಮಾಡಲಿಲ್ಲ. ‘ದಿ ಹಿಂದೂ’ ವಿಕಿಲೀಕ್ಸ್ ಜತೆ ನೇರವಾಗಿ ಮಾತಾಡಿಕೊಂಡು ಭಾರತದ ಕುರಿತ 5,100 ಕೇಬಲ್‌ಗಳನ್ನು ಪಡೆದು, 2011ರ ಮಾರ್ಚ್ 15ರಿಂದ ಎನ್. ರಾಮ್ ಅವರ ಸಂಪಾದಕತ್ವದಲ್ಲಿ ಪ್ರಕಟಿಸತೊಡಗಿದ ಮೇಲೆ ಚಿತ್ರ ಬದಲಾಯಿತು.

ಕಾಲವೂ ಹಾಗಿತ್ತು. 2ಜಿ ಹಗರಣದಲ್ಲಿ ಎ. ರಾಜಾ ಆಗತಾನೇ ಜೈಲು ಸೇರಿದ್ದರು. ಲಾಬಿಗಾರ್ತಿ ನೀರಾ ರಾಡಿಯಾ ಅವರ ಫೋನ್ ಮಾತುಕತೆಯ ಟೇಪುಗಳನ್ನು ಜನ ಕಿವಿಯಾರೆ ಕೇಳಿದ್ದರು. ಅಣ್ಣಾ ಹಜಾರೆ ಜಂತರ್ ಮಂತರ್‌ನಲ್ಲಿ ಉಪವಾಸ ಕೂರಲು ಮೂರು ವಾರವೂ ಉಳಿದಿರಲಿಲ್ಲ. ಮುಚ್ಚಿದ ಕೋಣೆಗಳ ಮಾತು ಕೇಳಲು ಇಡೀ ದೇಶ ಕಿವಿಗೊಟ್ಟು ಕೂತಿದ್ದ ಹೊತ್ತು ಅದು.

ಸರ್ಕಾರ ಕೊಟ್ಟ ಉತ್ತರಗಳು

ಲೋಕಸಭೆಯಲ್ಲಿ ಮೊದಲು ಎದ್ದು ನಿಂತವರು ಪ್ರಣಬ್ ಮುಖರ್ಜಿ. ಒಂದು ಸಾರ್ವಭೌಮ ಸರ್ಕಾರ ಮತ್ತು ಅದರ ರಾಯಭಾರ ಕಚೇರಿಯ ನಡುವಿನ ಪತ್ರವ್ಯವಹಾರಕ್ಕೆ ರಾಜತಾಂತ್ರಿಕ ರಕ್ಷಣೆ ಇದೆ, ಆದ್ದರಿಂದ ಅದು ನಿಜವೋ ಸುಳ್ಳೋ ಎಂದು ನಾವು ಹೇಳಲಾಗದು ಎಂದರು. ಆರೋಪವಿರುವುದು 14ನೇ ಲೋಕಸಭೆಯ ಕಾಲದ್ದು, ಅದು ವಿಸರ್ಜನೆಯಾಗಿದೆ, ಈಗಿನ ಸರ್ಕಾರ ಉತ್ತರ ಕೊಡಬೇಕಾದದ್ದು 15ನೇ ಲೋಕಸಭೆಗೆ ಎಂದೂ ವಾದಿಸಿದರು. ಕಾನೂನಿನ ಅಕ್ಷರಕ್ಕೆ ಇವು ಸರಿಯಾಗಿ ಕೂರುವ ಮಾತುಗಳು. ಆದರೆ ಪೆಟ್ಟಿಗೆ ಇದ್ದವೋ ಇಲ್ಲವೋ ಎಂಬ ಪ್ರಶ್ನೆಯನ್ನು ಎರಡೂ ಮುಟ್ಟುವುದಿಲ್ಲ.

ಮಾರ್ಚ್ 18ರಂದು ಪ್ರಧಾನಿ ಹೇಳಿಕೆ ನೀಡಿದರು. ಕೇಬಲ್‌ನಲ್ಲಿರುವುದು ಊಹಾಪೋಹ, ಪರಿಶೀಲಿಸದ್ದು, ಪರಿಶೀಲಿಸಲಾಗದ್ದು. ಕಾಂಗ್ರೆಸ್ಸಿನವರಾಗಲಿ ಸರ್ಕಾರದವರಾಗಲಿ ಕಾನೂನುಬಾಹಿರ ಕೆಲಸ ಮಾಡಿಲ್ಲ ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಚುನಾವಣೆಯ ಲೆಕ್ಕ ತೆಗೆದರು. ವಿಶ್ವಾಸಮತದ ಬಳಿಕ ನಡೆದ 2009ರ ಚುನಾವಣೆಯಲ್ಲಿ ಕಾಂಗ್ರೆಸ್ 145ರಿಂದ 206ಕ್ಕೆ ಏರಿತು, ಬಿಜೆಪಿ 138ರಿಂದ 116ಕ್ಕೆ, ಎಡಪಕ್ಷಗಳು 59ರಿಂದ 24ಕ್ಕೆ ಇಳಿದವು. ಈ ಆರೋಪಗಳನ್ನು ಜನರೇ ಚರ್ಚಿಸಿ ತಿರಸ್ಕರಿಸಿದ್ದಾರೆ ಎಂಬುದು ಅವರ ವಾದ.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಅಪಾಯಕಾರಿ ಎನಿಸಿದ ವಾದ ಇದು. ಆಡಿದವರು ವೈಯಕ್ತಿಕ ಪ್ರಾಮಾಣಿಕತೆಗೆ ಹೆಸರಾದವರು ಎಂಬ ಕಾರಣಕ್ಕೆ ಇನ್ನೂ ಹೆಚ್ಚು. 2009ರಲ್ಲಿ ಮತ ಹಾಕಿದವರು ಈ ಕೇಬಲ್ ಓದಿರಲಿಲ್ಲ, ಓದುವ ದಾರಿಯೂ ಇರಲಿಲ್ಲ. ಜನರ ಮುಂದಿರದ ದಾಖಲೆಯ ಮೇಲೆ ಜನ ತೀರ್ಪು ಕೊಟ್ಟಿದ್ದಾರೆ ಎಂದರೆ ಏನರ್ಥ? ಚುನಾವಣೆ ಗೆದ್ದವರ ಹಿಂದಿನದ್ದೆಲ್ಲ ಮನ್ನಾ ಆಯಿತು ಎನ್ನುವ ಈ ತರ್ಕವನ್ನು ಆಮೇಲೆ ಎಲ್ಲ ಪಕ್ಷಗಳೂ, ಎಲ್ಲ ರಾಜ್ಯಗಳಲ್ಲೂ ಬಳಸಿಕೊಂಡಿವೆ.

ಮಾರ್ಚ್ 23ರ ಚರ್ಚೆಯಲ್ಲಿ ವಿರೋಧ ಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ಈ ವಾದವನ್ನು ಹಿಡಿದು ಜಗ್ಗಿದರು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ನಿಂತು ಕನ್ನಡದಲ್ಲಿ ಭಾಷಣ ಮಾಡಿದ್ದ ಅವರ ವಾಗ್ಮಿತೆ ನಮಗೆ ಹೊಸದಲ್ಲ. ಗೆದ್ದ ಮಾತ್ರಕ್ಕೆ ಅಪರಾಧ ತೊಳೆದು ಹೋಗುವುದಿಲ್ಲ ಎಂದವರು, ಅತ್ತಿತ್ತಲಿನ ಮಾತು ಬೇಡ, ಪಯಣಿಗರ ತಂಡ ಲೂಟಿಯಾದದ್ದು ಏಕೆಂದು ಹೇಳು ಎಂಬರ್ಥದ ಉರ್ದು ದ್ವಿಪದಿಯನ್ನು ಪ್ರಧಾನಿಯತ್ತ ಎಸೆದರು. ಮನಮೋಹನ್ ಸಿಂಗ್ ಎದ್ದು, ನಿನ್ನ ದರ್ಶನಕ್ಕೆ ನಾನು ಅರ್ಹನಲ್ಲ, ಒಪ್ಪಿದೆ, ಆದರೆ ನನ್ನ ತವಕ ನೋಡು, ನನ್ನ ಕಾಯುವಿಕೆ ನೋಡು ಎಂಬ ಇನ್ನೊಂದು ದ್ವಿಪದಿಯಿಂದ ಉತ್ತರಿಸಿದರು. ಸದನ ನಕ್ಕಿತು, ಮೇಜು ಕುಟ್ಟಿತು. ಸುಷ್ಮಾ ಕೂಡ ನಕ್ಕರು. ಆ ದೃಶ್ಯ ಇಂದಿಗೂ ಮೊಬೈಲುಗಳಲ್ಲಿ ಓಡಾಡುತ್ತದೆ. ಸೌಜನ್ಯದ ರಾಜಕಾರಣ ಎಂದು ಜನ ಅದನ್ನು ಪ್ರೀತಿಯಿಂದ ಹಂಚಿಕೊಳ್ಳುತ್ತಾರೆ, ನಿಜಕ್ಕೂ ಅದರಲ್ಲಿ ಸೌಜನ್ಯವಿತ್ತು. ಆದರೆ ಅದು ಯಾವ ಚರ್ಚೆಯ ನಡುವೆ ನಡೆಯಿತು ಎಂಬುದು ಹಂಚಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ನೆನಪಿದೆ?

ಜನ ಓದಿಕೊಂಡ ಬಗೆ

ಸಾಮಾನ್ಯ ಓದುಗರ ಪ್ರತಿಕ್ರಿಯೆಯಲ್ಲಿ ಎರಡು ಎಳೆ ಎದ್ದು ಕಾಣುತ್ತವೆ. ಮೊದಲನೆಯದು, ‘ಇದೇನು ಹೊಸದಾ?’ ಎಂಬ ಮಾತು. ಅದಕ್ಕೆ ಕಾರಣವಿತ್ತು. 2008ರ ಜುಲೈ 22ರಂದು ಬಿಜೆಪಿಯ ಮೂವರು ಸಂಸದರಾದ ಅಶೋಕ್ ಅರ್ಗಲ್, ಫಗ್ಗನ್ ಸಿಂಗ್ ಕುಲಸ್ತೆ ಮತ್ತು ಮಹಾವೀರ್ ಭಗೋರಾ ಚೀಲದಿಂದ ಸಾವಿರದ ನೋಟಿನ ಕಂತೆಗಳನ್ನು ತೆಗೆದು ಸದನದ ಮೇಜಿನ ಮೇಲೆ ಸುರಿದದ್ದನ್ನು ಜನ ಟೀವಿಯಲ್ಲಿ ನೇರವಾಗಿ ನೋಡಿದ್ದರು. ಮತದಾನದಿಂದ ದೂರ ಉಳಿಯಲು ಕೊಟ್ಟ ಮುಂಗಡ ಒಂದು ಕೋಟಿ ಇದು ಎಂದು ಅವರು ಹೇಳಿದರು. ಅದೇ ಸಂಜೆ ಸರ್ಕಾರ 275–256ರಿಂದ ಗೆದ್ದಿತು. ಇನ್ನು ಮಾರ್ಚ್ 16ರಂದು, ಅಂದರೆ ಪೆಟ್ಟಿಗೆಗಳ ವರದಿಗೆ ಒಂದು ದಿನ ಮೊದಲು, ತಮಿಳುನಾಡಿನ ತಿರುಮಂಗಲಂ ಉಪಚುನಾವಣೆಯಲ್ಲಿ ಬೆಳಗಿನ ಪತ್ರಿಕೆಯೊಳಗೆ ಲಕೋಟೆ ಇಟ್ಟು ಮತದಾರರಿಗೆ ತಲಾ 5,000 ರೂಪಾಯಿ ಹಂಚಿದ ಬಗ್ಗೆ ಇನ್ನೊಂದು ಕೇಬಲ್ ಪ್ರಕಟವಾಗಿತ್ತು. ಮಧುರೆಯ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದ ಸಂಗತಿ ಅದು.

ಎರಡನೆಯ ಎಳೆ ಅವಮಾನದ್ದು. ನಮ್ಮ ಮನೆಯ ಹುಳುಕು ಅಮೆರಿಕದವನ ಡೈರಿಯಿಂದ ತಿಳಿಯಬೇಕಾಯಿತಲ್ಲ ಎಂಬ ಸಿಟ್ಟು. ಎಡಪಕ್ಷಗಳು ಇದನ್ನು ಗಟ್ಟಿಯಾಗಿ ಹಿಡಿದವು. 2006ರ ಸಂಪುಟ ಪುನಾರಚನೆಯಲ್ಲಿ ಮಣಿಶಂಕರ್ ಅಯ್ಯರ್ ಅವರಿಂದ ಪೆಟ್ರೋಲಿಯಂ ಖಾತೆ ಮುರಳಿ ದೇವ್ರಾ ಅವರಿಗೆ ಹೋದದ್ದನ್ನು ರಾಯಭಾರಿ ಡೇವಿಡ್ ಮಲ್ಫರ್ಡ್ ಮೆಚ್ಚಿ ಬರೆದ ಕೇಬಲ್ ಅವರಿಗೆ ಪೆಟ್ಟಿಗೆಗಳಷ್ಟೇ ಮುಖ್ಯವಾಗಿತ್ತು. ಈ ಸಿಟ್ಟನ್ನು ಬರೀ ಸ್ವಾಭಿಮಾನದ ಕೂಗೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಕೇಬಲ್‌ಗಳನ್ನು ಸಾಲಾಗಿ ಓದುತ್ತ ಹೋದರೆ ಕಾಣುವುದು ಅಮೆರಿಕದ ಬೇಹುಗಾರಿಕೆ ಅಲ್ಲ. ನಮ್ಮ ನಾಯಕರು, ಅಧಿಕಾರಿಗಳು, ಪಕ್ಷಗಳ ಸಲಹೆಗಾರರು ತಾವಾಗಿಯೇ ಹೋಗಿ, ತಮ್ಮ ಮತದಾರರಿಗೆ ಎಂದೂ ಹೇಳದ ಮಾತುಗಳನ್ನು ರಾಯಭಾರ ಕಚೇರಿಯ ಅಧಿಕಾರಿಗಳ ಮುಂದೆ ಬಿಚ್ಚಿಟ್ಟಿದ್ದಾರೆ. ಅದೇ ಮಾತನ್ನು ಮಾಹಿತಿ ಹಕ್ಕಿನಡಿ ಕೇಳಿದ್ದರೆ ಸಿಗುತ್ತಿರಲಿಲ್ಲ. ನಮ್ಮ ಕಡೆ ಅದನ್ನು ಯಾರೂ ಬರೆದಿಟ್ಟೇ ಇರಲಿಲ್ಲ ಎಂಬುದು ಒಂದು. ಬರೆದಿಟ್ಟಿದ್ದರೂ 1923ರ ಅಧಿಕೃತ ರಹಸ್ಯ ಕಾಯಿದೆಯ ನೆರಳು ಅದರ ಮೇಲಿರುತ್ತಿತ್ತು ಎಂಬುದು ಇನ್ನೊಂದು.

ಇವುಗಳ ಮಧ್ಯೆ ಪಕ್ಷದ ಕನ್ನಡಕ ಬೇರೆ. ಮಾರ್ಚ್ 17ರಂದು ಕೇಬಲ್ ಹಿಡಿದು ರಾಜೀನಾಮೆ ಕೇಳಿದ ಬಿಜೆಪಿ, ಅದೇ ತಿಂಗಳ ಕೊನೆಯಲ್ಲಿ ಇಕ್ಕಟ್ಟಿಗೆ ಸಿಕ್ಕಿತು. ಹಿಂದೂ ರಾಷ್ಟ್ರೀಯತೆ ಪಕ್ಷಕ್ಕೊಂದು ಅವಕಾಶವಾದಿ ವಿಷಯ ಎಂದು ಅರುಣ್ ಜೇಟ್ಲಿ 2005ರಲ್ಲಿ ರಾಯಭಾರ ಕಚೇರಿಯವರ ಬಳಿ ಹೇಳಿದರೆಂಬ ಕೇಬಲ್ ಹೊರಬಂತು. ಆ ಪದ ತಮ್ಮದಲ್ಲ, ಬರೆದ ರಾಜತಾಂತ್ರಿಕನದ್ದು ಎಂದು ಜೇಟ್ಲಿ ಸ್ಪಷ್ಟಪಡಿಸಿದರು. ಆ ವಿವರಣೆ ನಿಜವಿರಬಹುದು, ಆದರೆ ಹತ್ತು ದಿನದ ಹಿಂದೆ ಸತೀಶ್ ಶರ್ಮಾ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹಿಂದೂ ತೀವ್ರವಾದಿ ಗುಂಪುಗಳು ಲಷ್ಕರ್‌ಗಿಂತ ದೊಡ್ಡ ಅಪಾಯವಾಗಬಹುದು ಎಂದು ರಾಹುಲ್ ಗಾಂಧಿ ರಾಯಭಾರಿ ಟಿಮೊಥಿ ರೋಮರ್ ಬಳಿ ಹೇಳಿದ್ದ ಕೇಬಲ್ 2010ರ ಡಿಸೆಂಬರ್‌ನಲ್ಲಿ ಬಂದಾಗ, ಬಿಜೆಪಿ ಅದರ ನಂಬಿಕಸ್ತಿಕೆಯನ್ನು ಒಂದಿಷ್ಟೂ ಶಂಕಿಸಿರಲಿಲ್ಲ. ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಮಾಯಾವತಿ ಚಪ್ಪಲಿ ತರಲು ಮುಂಬೈಗೆ ಖಾಲಿ ವಿಮಾನ ಕಳಿಸಿದ್ದರೆಂಬ ಕೇಬಲ್ 2011ರ ಸೆಪ್ಟೆಂಬರ್‌ನಲ್ಲಿ ಬಂದಾಗ, ವಿಕಿಲೀಕ್ಸ್ ಸ್ಥಾಪಕ ಜೂಲಿಯನ್ ಅಸಾಂಜ್‌ನನ್ನು ಆಗ್ರಾದ ಹುಚ್ಚಾಸ್ಪತ್ರೆಗೆ ಸೇರಿಸಬೇಕೆಂದು ಅವರು ಹರಿಹಾಯ್ದರು. ಎದುರಾಳಿಯ ಹೆಸರಿದ್ದರೆ ದಾಖಲೆ, ನಮ್ಮವರ ಹೆಸರಿದ್ದರೆ ಗಾಳಿಸುದ್ದಿ. ಪಕ್ಷಗಳ ಈ ಅಳತೆಗೋಲನ್ನು ಬೆಂಬಲಿಗರೂ ಹಾಗೆಯೇ ಎತ್ತಿಕೊಂಡರು.

ಕರ್ನಾಟಕದಲ್ಲಿ ಕೂತು ಇದನ್ನು ನೋಡುತ್ತಿದ್ದವರಿಗೆ ಇನ್ನೊಂದು ಪದರವಿತ್ತು. 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದು ಬಹುಮತಕ್ಕೆ ಮೂರು ಕಡಿಮೆಯಾದಾಗ ಶುರುವಾದ ‘ಆಪರೇಷನ್ ಕಮಲ’ ನಮ್ಮ ರಾಜಕೀಯದ ದಿನಬಳಕೆಯ ಮಾತಾಗಿತ್ತು. 2010ರ ಅಕ್ಟೋಬರ್‌ನಲ್ಲಿ 16 ಶಾಸಕರ ಅನರ್ಹತೆ, ಧ್ವನಿಮತ, ಮೂರು ದಿನ ಬಿಟ್ಟು ಮತ್ತೊಂದು ವಿಶ್ವಾಸಮತ ಎಲ್ಲ ನಡೆದುಹೋಗಿದ್ದವು. ಆಗ ರಾಜ್ಯಪಾಲರಾಗಿ ಸರ್ಕಾರದ ವಿರುದ್ಧ ಗುಡುಗಿದ ಹಂಸರಾಜ ಭಾರದ್ವಾಜ್, 2008ರ ವಿಶ್ವಾಸಮತದ ದಿನ ಕೇಂದ್ರದ ಕಾನೂನು ಸಚಿವರು. ದೆಹಲಿಯಲ್ಲಿ ಸಂಸದರ ಖರೀದಿ ಎಂದು ಕೂಗುತ್ತಿದ್ದವರು ಬೆಂಗಳೂರಿನಲ್ಲಿ ಅದೇ ಆರೋಪಕ್ಕೆ ಉತ್ತರಿಸುತ್ತಿದ್ದರು, ಬೆಂಗಳೂರಿನಲ್ಲಿ ಕೂಗುತ್ತಿದ್ದವರು ದೆಹಲಿಯಲ್ಲಿ.

ಈ ಗದ್ದಲದಲ್ಲಿ ಇನ್ನೊಂದು ಅನ್ಯಾಯವೂ ನಡೆಯಿತು. ಬೆಂಗಳೂರು ಉತ್ತರದ ಬಿಜೆಪಿ ಸಂಸದರಾಗಿದ್ದ ಎಚ್.ಟಿ. ಸಾಂಗ್ಲಿಯಾನ 2008ರಲ್ಲಿ ಅಣು ಒಪ್ಪಂದದ ಪರ ನಿಂತು ಸರ್ಕಾರಕ್ಕೆ ಮತ ಹಾಕಿ ಪಕ್ಷದಿಂದ ಉಚ್ಚಾಟನೆಗೊಂಡಿದ್ದರು. ಆ ಕೇಬಲ್‌ನಲ್ಲಿ ಅವರ ಮೇಲೆ ಆರೋಪವೇ ಇಲ್ಲ. ಆದರೂ ಅಂದು ಪಕ್ಷದ ಗೆರೆ ದಾಟಿದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವ ಮಾತು ಎಲ್ಲೆಡೆ ಕೇಳಿಬಂತು. ಆತ್ಮಸಾಕ್ಷಿಗೆ ಹಾಕಿದ ಮತವನ್ನೂ ಹಣಕ್ಕೆ ಹಾಕಿದ ಮತವನ್ನೂ ಬೇರ್ಪಡಿಸಬಲ್ಲದ್ದು ಸರಿಯಾದ ತನಿಖೆ ಮಾತ್ರ.

ಕಂತೆಯ ಹಿಂದೆ ಹೋದವರು, ಪೆಟ್ಟಿಗೆಯನ್ನು ಮರೆತರು

ಸದನದ ಮೇಜಿನ ಮೇಲೆ ಬಿದ್ದ ಕಂತೆ ಬೇರೆ, ಕೇಬಲ್‌ನ ಪೆಟ್ಟಿಗೆ ಬೇರೆ. ಕಂತೆಯ ಪ್ರಕರಣದಲ್ಲಿ ಆರೋಪವಿದ್ದದ್ದು ಆಗ ಸಮಾಜವಾದಿ ಪಕ್ಷದಲ್ಲಿದ್ದ ಅಮರ್ ಸಿಂಗ್ ಅವರ ಕಡೆಗೆ, ಗುರಿಯಾಗಿದ್ದವರು ಬಿಜೆಪಿ ಸಂಸದರು. ಪೆಟ್ಟಿಗೆಯ ವಿಷಯದಲ್ಲಿ ಹೆಸರಿದ್ದದ್ದು ಕಾಂಗ್ರೆಸ್ ನಾಯಕರದ್ದು ಮತ್ತು ಲೋಕದಳದ್ದು. ಆದರೆ ‘ವೋಟಿಗಾಗಿ ನೋಟು’ ಎಂಬ ಒಂದೇ ಹೆಸರಿನಡಿ ಎರಡೂ ಬೆರೆತುಹೋದವು. ಟೀವಿ ಚರ್ಚೆಗಳು ಕೇಬಲ್ ಬಗ್ಗೆ ಮಾತಾಡುತ್ತ ಕಂತೆಯ ಹಳೆಯ ದೃಶ್ಯ ತೋರಿಸಿದವು. ಜನರ ಮನಸ್ಸಿನಲ್ಲಿ ಒಂದು ಇನ್ನೊಂದಕ್ಕೆ ಸಾಕ್ಷಿಯಾಯಿತು. ನನ್ನ ಪ್ರಕಾರ ಇಡೀ ಪ್ರಕರಣ ದಾರಿ ತಪ್ಪಿದ್ದು ಇಲ್ಲಿ.

ಕಂತೆಯ ಬಗ್ಗೆ 2008ರಲ್ಲೇ ಕಿಶೋರ್ ಚಂದ್ರ ದೇವ್ ಅಧ್ಯಕ್ಷತೆಯ ಸಂಸದೀಯ ಸಮಿತಿ ವಿಚಾರಣೆ ನಡೆಸಿತ್ತು. ಸಂಸದರಿಗೆ ಲಂಚ ಕೊಟ್ಟದ್ದಕ್ಕೆ ಸಾಕಷ್ಟು ಪುರಾವೆಯಿಲ್ಲ, ಆದರೆ ಹಣ ತಂದುಕೊಟ್ಟವರ ಪಾತ್ರವನ್ನು ತನಿಖಾ ಸಂಸ್ಥೆ ನೋಡಲಿ ಎಂದು ಅದು ಹೇಳಿತು. ಬಿಜೆಪಿ ಮತ್ತು ಸಿಪಿಎಂ ಸದಸ್ಯರು ಭಿನ್ನಮತ ಬರೆದರು. ಎಫ್‌ಐಆರ್ 2009ರಲ್ಲಿ ದಾಖಲಾಯಿತು, ಆಮೇಲೆ ಕಡತ ಅಲ್ಲಾಡಲಿಲ್ಲ. ಅದನ್ನು ಅಲ್ಲಾಡಿಸಿದ್ದು ಹಿಂದೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಸುಪ್ರೀಂ ಕೋರ್ಟ್‌ನಲ್ಲಿ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ. 2011ರಲ್ಲಿ ನ್ಯಾಯಪೀಠ ದೆಹಲಿ ಪೊಲೀಸರ ತನಿಖೆಯ ಬಗ್ಗೆ ಕಟುವಾಗಿ ಮಾತಾಡಿತು. ಜುಲೈನಲ್ಲಿ ಬಂಧನಗಳು ಶುರುವಾದವು. ಸೆಪ್ಟೆಂಬರ್ 6ರಂದು ಅಮರ್ ಸಿಂಗ್ ಮತ್ತು ಇಬ್ಬರು ಮಾಜಿ ಬಿಜೆಪಿ ಸಂಸದರು, ತಿಂಗಳ ಕೊನೆಗೆ ಅಡ್ವಾಣಿಯವರ ಆಪ್ತರಾಗಿದ್ದ ಸುಧೀಂದ್ರ ಕುಲಕರ್ಣಿ ಜೈಲು ಸೇರಿದರು. ಭ್ರಷ್ಟಾಚಾರ ಬಯಲಿಗೆ ತಂದವರೇ ಅಪರಾಧಿಗಳಾದರೆ ನನ್ನನ್ನೂ ಜೈಲಿಗೆ ಕಳಿಸಿ ಎಂದು ಅಡ್ವಾಣಿ ಲೋಕಸಭೆಯಲ್ಲಿ ಹೇಳಿದರು. 2013ರ ನವೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಅಮರ್ ಸಿಂಗ್, ಕುಲಕರ್ಣಿ ಮತ್ತು ಬಿಜೆಪಿಯವರನ್ನು ಆರೋಪಮುಕ್ತಗೊಳಿಸಿತು.

ಇದಿಷ್ಟೂ ಕಂತೆಯ ಕಥೆ. ಆರೋಪಪಟ್ಟಿಯಲ್ಲಿ ಸತೀಶ್ ಶರ್ಮಾ ಹೆಸರಿರಲಿಲ್ಲ. ಕೇಬಲ್ ಬರೆಯಲು ಕಾರಣರಾದ ರಾಯಭಾರ ಕಚೇರಿಯ ಸಿಬ್ಬಂದಿಯನ್ನು ನಮ್ಮ ಪೊಲೀಸರು ಪ್ರಶ್ನಿಸುವುದು ರಾಜತಾಂತ್ರಿಕ ಕಚೇರಿಗಳಿಗೆ ರಕ್ಷಣೆ ಕೊಡುವ ವಿಯೆನ್ನಾ ಒಪ್ಪಂದದ ಕಾರಣಕ್ಕೆ ಕಷ್ಟ, ಅದನ್ನು ಒಪ್ಪಿಕೊಳ್ಳೋಣ. ಆದರೆ ಪೆಟ್ಟಿಗೆ ತೋರಿಸಿದರೆನ್ನಲಾದವರು ಭಾರತದ ಪ್ರಜೆ, ಅದನ್ನು ಇಟ್ಟಿದ್ದರೆನ್ನಲಾದ ಮನೆ ಇದ್ದದ್ದು ದೆಹಲಿಯಲ್ಲಿ. ಕೇಳಲು ಅಮೆರಿಕದ ಅನುಮತಿ ಬೇಕಿರಲಿಲ್ಲ. ಶರ್ಮಾ ನಿರಪರಾಧಿಯಾಗಿದ್ದರೆ ಅದನ್ನು ಸಾಬೀತುಪಡಿಸಿಕೊಳ್ಳುವ ಅವಕಾಶವೂ ಅವರಿಗೆ ಸಿಗಲಿಲ್ಲ. 2021ರಲ್ಲಿ ತೀರಿಕೊಳ್ಳುವವರೆಗೂ ಆ ಕೇಬಲ್ ಅವರ ಹೆಸರಿಗೆ ಅಂಟಿಕೊಂಡೇ ಇತ್ತು.

ಕೇಬಲ್ ನಕಲಿ ಇರಬಹುದೆಂಬ ವಾದ ಎಷ್ಟು ಪೊಳ್ಳಾಗಿತ್ತೆಂದು ಅಮೆರಿಕವೇ ತೋರಿಸಿಕೊಟ್ಟಿತು. ಅದೇ ದಾಖಲೆಗಳನ್ನು ಸೋರಿಕೆ ಮಾಡಿದ್ದಕ್ಕೆ ಮ್ಯಾನಿಂಗ್‌ಗೆ 2013ರ ಆಗಸ್ಟ್‌ನಲ್ಲಿ 35 ವರ್ಷ ಶಿಕ್ಷೆಯಾಯಿತು. ನಕಲಿ ಕಾಗದಕ್ಕೆ ಯಾವ ಸೇನಾ ನ್ಯಾಯಾಲಯವೂ ಅಷ್ಟು ವರ್ಷ ಕೊಡುವುದಿಲ್ಲ. ಒಬಾಮ ಶಿಕ್ಷೆ ಕಡಿತಗೊಳಿಸಿದ ಮೇಲೆ ಅವರು 2017ರ ಮೇನಲ್ಲಿ ಹೊರಬಂದರು. ಅಸಾಂಜ್ ಏಳು ವರ್ಷ ಲಂಡನ್‌ನ ಈಕ್ವೆಡಾರ್ ರಾಯಭಾರ ಕಚೇರಿಯಲ್ಲಿ, ಐದು ವರ್ಷ ಬ್ರಿಟನ್ನಿನ ಜೈಲಿನಲ್ಲಿ ಕಳೆದು 2024ರ ಜೂನ್‌ನಲ್ಲಿ ತಪ್ಪೊಪ್ಪಿಗೆಯ ಒಪ್ಪಂದದ ಮೇಲೆ ಬಿಡುಗಡೆಯಾದರು. ಕೇಬಲ್ ಅಸಲಿ ಎಂದಾಕ್ಷಣ ಅದರೊಳಗೆ ಹೇಳಿದ್ದೆಲ್ಲ ನಿಜವೆಂದೇನೂ ಅಲ್ಲ. ರಾಯಭಾರ ಕಚೇರಿ ಹಾಗೆ ಕೇಳಿತು, ಹಾಗೆ ಬರೆಯಿತು ಎಂಬಷ್ಟು ಮಾತ್ರ ಖಚಿತ.

ಕಾನೂನಿನ ಒಂದು ಗಂಟಿನ ಬಗ್ಗೆ ಮಾತ್ರ ಆ ದಿನಗಳಲ್ಲಿ ಜನರ ನಡುವೆ ಚರ್ಚೆಯೇ ಆಗಲಿಲ್ಲ. 1993ರಲ್ಲಿ ನರಸಿಂಹ ರಾವ್ ಸರ್ಕಾರ ಅವಿಶ್ವಾಸ ಗೊತ್ತುವಳಿಯಿಂದ ಪಾರಾದಾಗ ಜಾರ್ಖಂಡ್ ಮುಕ್ತಿ ಮೋರ್ಚಾದ ಸಂಸದರು ಲಂಚ ಪಡೆದರೆಂಬ ಪ್ರಕರಣದಲ್ಲಿ, 1998ರ ಸುಪ್ರೀಂ ಕೋರ್ಟ್ ತೀರ್ಪು ಒಂದು ವಿಚಿತ್ರ ಸ್ಥಿತಿ ತಂದಿಟ್ಟಿತ್ತು. ಹಣ ಪಡೆದು ಮತ ಹಾಕಿದ ಸಂಸದನಿಗೆ, ಸದನದಲ್ಲಿ ಆಡಿದ ಮಾತಿಗೂ ಹಾಕಿದ ಮತಕ್ಕೂ ಮೊಕದ್ದಮೆ ಹೂಡುವಂತಿಲ್ಲ ಎನ್ನುವ ಸಂವಿಧಾನದ 105(2)ನೇ ವಿಧಿಯ ರಕ್ಷಣೆ ಉಂಟು, ಹಣ ಪಡೆದು ಮತ ಹಾಕದವನಿಗೆ ಇಲ್ಲ. ಅಂದರೆ ಕೇಬಲ್‌ನ ಪ್ರತಿ ಅಕ್ಷರ ನಿಜವಾಗಿದ್ದರೂ, ಹಣ ಪಡೆದು ಸದನದಲ್ಲಿ ಮತ ಹಾಕಿದ ಯಾವ ಸಂಸದನನ್ನೂ ಅಂದಿನ ಕಾನೂನು ಶಿಕ್ಷಿಸುತ್ತಿರಲಿಲ್ಲ. ಕೊಟ್ಟವನಿಗಷ್ಟೇ ಅಪಾಯ. ವಿಕಿಲೀಕ್ಸ್ ನಂಬಬಹುದೋ ಬಾರದೋ ಎಂದು ವಾರಗಟ್ಟಲೆ ವಾದಿಸಿದ ನಮ್ಮ ಪತ್ರಿಕೆ, ಟೀವಿಗಳು ಈ ತೀರ್ಪನ್ನು ಬದಲಿಸಬೇಕೆಂಬ ಒತ್ತಾಯವನ್ನು ಅದರ ಹತ್ತನೇ ಒಂದು ಪಾಲು ಗಟ್ಟಿಯಾಗಿ ಎತ್ತಿದ್ದರೂ ಮಾರ್ಚ್‌ನ ಆ ಕೋಪ ವ್ಯರ್ಥವಾಗುತ್ತಿರಲಿಲ್ಲ.

ಆ ತೀರ್ಪು ಬದಲಾದದ್ದು 2024ರ ಮಾರ್ಚ್ 4ರಂದು. ಜಾರ್ಖಂಡ್‌ನ ಶಾಸಕಿಯಾಗಿದ್ದ ಸೀತಾ ಸೊರೇನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ, ಲಂಚ ಪಡೆದವರಿಗೆ ಸದನದ ಹಕ್ಕುಬಾಧ್ಯತೆಯ ಆಸರೆ ಇಲ್ಲ, ಹಣ ಪಡೆದ ಕ್ಷಣಕ್ಕೇ ಅಪರಾಧ ಪೂರ್ಣವಾಗುತ್ತದೆ, ಆಮೇಲೆ ಮತ ಯಾರಿಗೆ ಬಿತ್ತೆಂಬುದು ಮುಖ್ಯವಲ್ಲ ಎಂದು ಒಮ್ಮತದಿಂದ ಹೇಳಿತು. ಇಂಥದ್ದೇ ಕೇಬಲ್ ನಾಳೆ ಹೊರಬಂದರೆ ಮತ ಹಾಕಿದ ಸಂಸದನೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅವನನ್ನು ಅಲ್ಲಿಗೆ ಕರೆತರಬೇಕಾದ ದೆಹಲಿ ಪೊಲೀಸರು ಮಾತ್ರ 2008ರಲ್ಲಿದ್ದಂತೆ ಈಗಲೂ ಕೇಂದ್ರ ಗೃಹ ಸಚಿವಾಲಯದ ಕೈಕೆಳಗೇ ಇದ್ದಾರೆ.